ಶಮ್ಸುನ್ನಿಸಾ ಚಾಚಿ ನಿಂತುಕೊಂಡು ರೊಟ್ಟಿ ಬಡಿದ ದಿನ

ನನ್ನ ಮಗ ಮಿಲಿಂದನಿಗೆ ಎರಡು ವರ್ಷ ತುಂಬಿದೆ, ಇನ್ನೂ ಒಂದು ಮಾತು ಆಡಿಲ್ಲ. ನಾನು ಏಳುವ ಮೊದಲೇ ಈ ಚಿಂತೆ ಎದ್ದು ಕೂತಿರುತ್ತದೆ. ಹಾಲು ಕಾಯಿಸುವಾಗ, ಬಟ್ಟೆ ಒಣಹಾಕುವಾಗ ಅವನ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆಯುತ್ತೇನೆ. ಒಮ್ಮೊಮ್ಮೆ ತಿರುಗುತ್ತಾನೆ, ಒಮ್ಮೊಮ್ಮೆ ಇಲ್ಲ. ತಿರುಗಿದ್ದು ನನ್ನ ದನಿಗೋ, ಗೋಡೆಯ ಮೇಲೆ ಸರಿದ ನನ್ನ ನೆರಳಿಗೋ? ಕಲಬುರಗಿಯಲ್ಲಿ ಮಕ್ಕಳ ಕಿವಿ ಪರೀಕ್ಷೆ ಮಾಡುವವರ ನಂಬರು ಫೋನಿನಲ್ಲಿ ಇಟ್ಟುಕೊಂಡು ಬಹಳ ದಿನವಾಯಿತು. ತೆಗೆಯುತ್ತೇನೆ, ನೋಡುತ್ತೇನೆ, ಮುಚ್ಚುತ್ತೇನೆ.

ಅಫಜಲಪುರದ ನಮ್ಮ ಓಣಿಯಲ್ಲಿ ನನ್ನ ಚಿಂತೆಗೆ ಎಲ್ಲರ ಬಳಿಯೂ ಒಂದೇ ಉತ್ತರವಿತ್ತು: ಶಮ್ಸುನ್ನಿಸಾ ಚಾಚಿಯ ರೊಟ್ಟಿ.

ಚಾಚಿ ಪಕ್ಕದ ಮನೆಯವರು. ಅಂದೋಲಾದಿಂದ ಮದುವೆಯಾಗಿ ಬಂದವರು. ಗಾಣಗಾಪುರದ ಖಾನಾವಳಿಗಳಿಗೆ ಖಡಕ್ ರೊಟ್ಟಿ ಮಾಡಿ ಕಳಿಸುವುದು ಅವರ ಕಸುಬು. ಗಂಡ ಹುಸೇನಸಾಬರು ಬುಟ್ಟಿ ಹೊತ್ತು ಬಸ್ಸಿಗೆ ಹಾಕಿ ಬರುತ್ತಾರೆ. ಚಾಚಿ ಹಿಟ್ಟನ್ನು ಎಂದೂ ಒಟ್ಟಿಗೆ ಕಲಸಿಡುವವರಲ್ಲ. "ಜ್ವಾಳದ ಹಿಟ್ಟು ಕಾದು ಕುಂತ್ರ ಬಿರೀತದ ಬೇಟಿ. ನಾದಿದ ಕೈಲೇ ಬಡೀಬೇಕು" ಎನ್ನುತ್ತಾರೆ. ಮಗಳು ಗುಲಫಶಾ ಓದಿಗೆ ಹಿಂದೇಟು ಹಾಕಿದರೂ ಇದೇ ಮಾತು, ನೆಂಟರು ಜಗಳ ಆಡಿ ಮುನಿಸಿಕೊಂಡರೂ ಇದೇ ಮಾತು.

ನಮ್ಮಿಬ್ಬರ ಮನೆಗೂ ಸೇರಿ ಒಂದೇ ಅಂಗಳ, ಉದ್ದಕ್ಕೂ ಶಹಾಬಾದ ಪರಸಿ ಕಲ್ಲು ಹಾಸಿದ್ದು. ಚಾಚಿ ನೆಲಕ್ಕೆ ಕೂತು ಹಲಗೆಯ ಮೇಲೆ ಟಪಟಪ ಬಡಿಯತೊಡಗಿದರೆ, ಬೆನ್ನು ಮಾಡಿ ಆಡುತ್ತಿದ್ದ ಮಿಲಿಂದ ಎದ್ದು ಓಡುತ್ತಿದ್ದ.

"ರೊಟ್ಟಿ ಕಳ್ಳ ಬಂದ!" ಎಂದು ಚಾಚಿ ನಗುತ್ತಿದ್ದರು. "ತಿನ್ನೋ ಬಾಯಿಗಿ ಮಾತಾಡಾಕ ಪುರಸತ್ತ ಎಲ್ಲದ?"

ನನ್ನ ಅತ್ತೆ ಅಂಬುಬಾಯಿಗೂ ಅಷ್ಟೇ ಸಾಕು. "ನೋಡ ಬೇ, ಸಪ್ಪಳಕ್ಕ ಹ್ಯಾಂಗ ಓಡ್ಯಾನ! ಕಿವಿ ಕೇಳಸದ ಕೂಸು ಹಿಂಗ ಓಡ್ತದೇನು? ಇವರಪ್ಪ ಜಗದೇವನೂ ತಡಾ ಮಾಡೇ ಮಾತಾಡಿದ. ಈಗ ಬಾಯಿ ಮುಚ್ಚತಾನೇನು?"

ನಾನೂ ನಂಬುತ್ತಿದ್ದೆ. ನಂಬಿದ ದಿನ ಊಟ ಸೇರುತ್ತಿತ್ತು.

ಹಿಟ್ಟು ಕಾಯಬಾರದು ಎನ್ನುವ ಚಾಚಿ ತಮ್ಮ ಮೊಣಕಾಲು ನೋವನ್ನು ಮಾತ್ರ ಕಾಯಿಸುತ್ತಲೇ ಬಂದಿದ್ದರು. ಡಾಕ್ಟರಿಗೆ ತೋರಿಸಿ ಎಂದರೆ, "ತೋರಿಸಿದ್ರ ರೊಟ್ಟಿ ಬಿಡು ಅಂತಾರ. ರೊಟ್ಟಿ ಬಿಟ್ಟು ನಾ ಏನು ಮಾಡ್ಲಿ?" ಎನ್ನುತ್ತಿದ್ದರು. ಮೊನ್ನೆ ಕೂತಲ್ಲಿಂದ ಏಳಲಾಗದೆ ಹೋದಾಗ ಗುಲಫಶಾ ಬೈದು ಕರೆದೊಯ್ದಳು. ಡಾಕ್ಟರು ರೊಟ್ಟಿ ಬಿಡು ಎನ್ನಲಿಲ್ಲ. ನೆಲಕ್ಕೆ ಕೂಡಬೇಡ, ನಿಂತು ಮಾಡು ಎಂದರು. ಮರುದಿನವೇ ಹುಸೇನಸಾಬರು ಅಂಗಳಕ್ಕೆ ಒಂದು ಟೇಬಲ್ ತಂದಿಟ್ಟರು. ಒಲೆ, ಹಲಗೆ ಎರಡೂ ಅದರ ಮೇಲೇರಿದವು.

ಚಾಚಿ ನಿಂತುಕೊಂಡು ಬಡಿಯಲು ಶುರುಮಾಡಿದರು. ಎಂದಿನದೇ ಸಪ್ಪಳ. ಮಿಲಿಂದ ಬೆನ್ನು ಮಾಡಿ ಕೂತು ಚಮಚೆ ಜೋಡಿಸುತ್ತಿದ್ದ. ತಿರುಗಲಿಲ್ಲ.

ತೊಗರಿ ಹಸನ ಮಾಡುತ್ತಿದ್ದ ಅತ್ತೆಯ ಕೈ ನಿಂತಿತು. "ಆಟದಾಗ ಮರ್ತಾನ" ಎಂದರು, ತಮಗೇ ಹೇಳಿಕೊಂಡಂತೆ.

ಚಾಚಿ ಇನ್ನೂ ಜೋರಾಗಿ ಬಡಿದರು. ಗೋಡೆಯ ಮೇಲಿದ್ದ ಕಾಗೆ ಹಾರಿತು. ಮಿಲಿಂದ ಇನ್ನೊಂದು ಚಮಚೆ ಜೋಡಿಸಿದ.

ಆಗ ಚಾಚಿ ಹಲಗೆಯನ್ನು ಕೆಳಗಿಳಿಸಿದರು. ಟೇಬಲ್ ಕಾಲು ಹಿಡಿದು, ಹಲ್ಲು ಕಚ್ಚಿ, ಕೂಡಬಾರದ ನೆಲಕ್ಕೇ ಕೂತು ಒಮ್ಮೆ ಬಡಿದರು. ನನ್ನ ಬರಿಗಾಲಿಗೆ ಪರಸಿಯ ನಡುಕ ತಾಗಿತು. ಮಿಲಿಂದ ಗಕ್ಕನೆ ತಿರುಗಿದ, ನಗುತ್ತ ಓಡಿ ಬಂದ.

ರೊಟ್ಟಿ ಕಳ್ಳ ಎಂದು ಈ ಸಲ ಯಾರೂ ಅನ್ನಲಿಲ್ಲ.

"ಕಿವೀಲೆ ಅಲ್ಲ ಬೇಟಿ" ಎಂದರು ಚಾಚಿ, ಹಿಟ್ಟಿನ ಕೈಯಲ್ಲೇ ಅವನ ಗಲ್ಲ ಸವರುತ್ತ. "ಅಂಗಾಲಿಲೆ ಕೇಳ್ಯಾನ. ನಾನೇ ನಿನಗ ಧೈರ್ಯ ಹೇಳಿ ಹೇಳಿ ಸುಮ್ಮನ ಕೂಡಿಸಿದೆ."

"ತೋರಿಸಿದ್ರ ಏನಂತಾರೋ ಅಂತ ಅಂಜಿಕಿ ಚಾಚಿ. ಹುಟ್ಟಾ ಕಿವುಡು ಅಂದ್ರ?"

"ನಾನೂ ಅಂಜಿ ಕುಂತಿದ್ದೆ. ಅಂಜಿದ್ದಕ್ಕ ನೋವು ಕಡಿಮಿ ಆತೇನು? ಡಾಕ್ಟರ್ ಹೇಳೋ ಮೊದಲೂ ಅದು ಇತ್ತು. ಹೇಳಿದ ಮ್ಯಾಲೆ ಟೇಬಲ್ ಬಂತು, ಅಷ್ಟೇ."

ಅತ್ತೆ ಮೊರ ಬದಿಗಿಟ್ಟರು. ಇಷ್ಟು ದಿನದ ವಾದ ಅವರ ಮುಖದ ಮೇಲಿರಲಿಲ್ಲ. "ಫೋನ್ ಹಚ್ಚ ಬೇ ಅನುರಾಧಾ. ನಾನೂ ಬರ್ತೇನಿ."

"ಫೋನ್ ಆಮ್ಯಾಲ ಹಚ್ಚಂತಿ, ಮೊದಲ ನನ್ನ ಎಬ್ಬಸ್ರಿ" ಎಂದರು ಚಾಚಿ ನೆಲದಿಂದ.

ಇಬ್ಬರೂ ಹಿಡಿದು ಎಬ್ಬಿಸಿದೆವು. ಫೋನು ತೆಗೆದೆ. ಮುಚ್ಚಬೇಕೆಂದು ಹೆಬ್ಬೆರಳು ಹಳೆಯ ಅಭ್ಯಾಸಕ್ಕೆ ಸರಿಯತೊಡಗಿತು, ಸರಿಯಗೊಡದೆ ನಂಬರು ಒತ್ತಿದೆ. ಗಂಟೆ ಹೋಗುತ್ತಲೇ ಇತ್ತು. ಇವತ್ತು ರಜೆಯೇನೋ, ತೆಗೆಯದಿದ್ದರೆ ನಾಳೆ ಮತ್ತೆ ನನಗೆ ಧೈರ್ಯ ಬರುತ್ತದೋ ಇಲ್ಲವೋ.

"ಹಲೋ, ಹೇಳ್ರಿ" ಎಂದಳು ಒಬ್ಬ ಹೆಣ್ಣುಮಗಳು.

ಮಿಲಿಂದ ನನ್ನ ಕಾಲಿಗೆ ಒರಗಿ ರೊಟ್ಟಿ ಮುರಿಯುತ್ತಿದ್ದ.

"ನಮ್ಮ ಹುಡುಗನ ಕಿವಿ ತೋರಿಸಬೇಕಾಗ್ಯಾದ್ರಿ" ಎಂದೆ. "ನಾಳೆನೇ ಬರ್ತೇವ್ರಿ."