ಮೂರನೇ ಮಹಡಿಯ ನಲ್ಲಿ

ಅವರ ಅಂಗೈಗಳು ಬ್ಲೀಚಿನಿಂದ ಬೆಳ್ಳಗೆ ಸುಲಿದಿರುತ್ತಿದ್ದವು. ಉಗುರನ್ನು ಚರ್ಮದವರೆಗೂ ಕತ್ತರಿಸಿಕೊಂಡ, ಗೆಣ್ಣುಗಳಲ್ಲಿ ಬಿರುಕು ಬಿಟ್ಟ ಆ ಕೈಯನ್ನು ಕುಲುಕಿದರೆ ನನ್ನ ಕೈಗೂ ಈಜುಕೊಳದ ವಾಸನೆ ಅಂಟುತ್ತಿತ್ತು. ಕೆನಡಾದ ಎಟೋಬಿಕೋದಲ್ಲಿ ಮೂವತ್ತು ವರ್ಷಕ್ಕೂ ಮೀರಿ ಅವರು ನಮ್ಮ ಪಕ್ಕದ ಮನೆಯ ಯಜಮಾನರು. ದಕ್ಷಿಣ ಇಟಲಿಯ ಮಟೇರಾದಿಂದ ಹದಿನೆಂಟರ ವಯಸ್ಸಿನಲ್ಲಿ ಬಂದು, ಬಚ್ಚಲುಮನೆಗಳಿಗೆ ಟೈಲ್ಸ್ ಹಾಕುತ್ತಾ ಬದುಕು ಕಟ್ಟಿಕೊಂಡವರು.

ಬೆಳಿಗ್ಗೆ ಆರಕ್ಕೆ ಸರಿಯಾಗಿ ಡ್ರೈವ್‌ವೇ ತೊಳೆಯುತ್ತಿದ್ದರು. ಪಕ್ಕದ ನಮ್ಮ ಭಾಗವನ್ನೂ ಸೇರಿಸಿ. ನಾನು ಹಾಸ್ಟೆಲಿನ ಗಂಟೆಗೆ ಬೆಳೆದವನು. ನೀರು ಸರಬರಾಜಿನ ಎಂಜಿನಿಯರ್ ಕೆಲಸದಿಂದ ನಿವೃತ್ತನಾದ ಮೇಲೂ ಐದಕ್ಕೆ ಏಳುವುದು, ಆರಕ್ಕೆ ಕಾಫಿ. ನನ್ನ ಲೋಟ, ಅವರ ಪೊರಕೆ ಒಂದೇ ಹೊತ್ತಿಗೆ ಕೈಗೆ ಬರುತ್ತಿದ್ದವು. ನನ್ನ ಹೆಂಡತಿ ಕಿಟಕಿಯಿಂದ ನೋಡಿ, "ರೀ, ಬಾಗಿಲು ಸಾರಿಸಿದ್ದಾಯ್ತು, ಇನ್ನು ರಂಗೋಲಿ ಒಂದು ಬಾಕಿ. ಹೋಗಿ ನೀವೇ ನಾಲ್ಕು ಗೆರೆ ಎಳೆದು ಬನ್ನಿ" ಎನ್ನುತ್ತಿದ್ದಳು.

ಯಾರದಾದರೂ ನಾಯಿ ಅವರ ಹುಲ್ಲಿನ ಮೇಲೆ ಕಾಲೆತ್ತಿದರೆ ಮುಖ ಹಿಂಡಿಕೊಂಡು "ಸ್ಕೀಫೋ!" ಎನ್ನುತ್ತಿದ್ದರು. ಅಸಹ್ಯ ಎಂಬುದಕ್ಕೆ ಅದು ಅವರ ಭಾಷೆಯ ಮಾತು. ಮಗಳು ಬೆಕ್ಕು ಸಾಕಿದಾಗ, ಅದು ಬೇರೆ ಮನೆ ಸೇರುವವರೆಗೂ ಇವರು ಅವಳ ಹೊಸಿಲು ತುಳಿಯಲಿಲ್ಲ. ನಾನು ಇದನ್ನು ಶಿಸ್ತು ಎಂದುಕೊಂಡು ಮೆಚ್ಚಿದ್ದೆ.

ನಾನೂ ಹೆಂಡತಿಯೂ ಇಟಲಿ ಪ್ರವಾಸಕ್ಕೆ ಹೊರಟಾಗ ಮಟೇರಾಕ್ಕೆ ಎರಡು ದಿನ ಇಟ್ಟುಕೊಂಡು, ಪಟ್ಟಿಯನ್ನು ಅವರಿಗೆ ತೋರಿಸಿದೆ. ಬೆಟ್ಟದ ನೆತ್ತಿಯ ಕೆಥೆಡ್ರಲ್, ಬಂಡೆ ಕೊರೆದು ಮಾಡಿದ ಚರ್ಚುಗಳ ಗೋಡೆಚಿತ್ರ, ಚೌಕದ ಅಡಿಯಲ್ಲಿರುವ ಭಾರಿ ನೀರಿನ ತೊಟ್ಟಿ, ಕಣಿವೆಯಾಚೆಯಿಂದ ಊರಿನ ನೋಟ, ಹಳೆಯ ಗುಹೆಮನೆಗಳು. ಒಂದೊಂದಕ್ಕೂ ಗಂಟೆ, ನಿಮಿಷ ಹಾಕಿದ್ದೆ. ಅವರು ಪೆನ್ಸಿಲ್ ಕೇಳಿ ಪಡೆದು, ಕೊನೆಯಲ್ಲಿ ಹೊಸ ಬಡಾವಣೆಯ ಒಂದು ವಿಳಾಸ ಬರೆದರು. ಅವರ ತುಂಡು ತುಂಡು ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ಮೂರನೇ ಮಹಡಿ. ಅಡುಗೆಮನೆ. ಕಿಟಕಿ, ಕೆಳಗೆ ನಲ್ಲಿ. ಇನ್ನೂ ಇದ್ಯಾ ನೋಡಿ, ಎಂಜಿನಿಯರೇ. ಒಂದು ಫೋಟೋ. ಬೇರೇನೂ ಬೇಡ."

"ಅಲ್ಲಿ ನೋಡೋದೇನಿದೆ?"

"ನೀರು" ಎಂದರು.

ಪಟ್ಟಿಯ ಪ್ರಕಾರ ಎಲ್ಲವನ್ನೂ ನೋಡಿದೆವು. ಕೈಯಲ್ಲೇ ಅಗೆದ ಆ ತೊಟ್ಟಿಯ ಗಾರೆ ಕೆಲಸಕ್ಕೆ ಎಂಜಿನಿಯರನಾಗಿ ನಾನು ತಲೆಬಾಗಿದೆ. ಉಳಿದುಕೊಂಡದ್ದು ಗುಹೆಯನ್ನೇ ಹೋಟೆಲು ಮಾಡಿದ್ದ ಜಾಗದಲ್ಲಿ. ಹೇಸರಗತ್ತೆ ಕಟ್ಟುತ್ತಿದ್ದ ಮೂಲೆಯಲ್ಲಿ ಈಗ ಬಾತ್‌ಟಬ್ಬು, ಸುತ್ತ ಮೇಣದಬತ್ತಿ. ಹೋಟೆಲಿನವನು ಹೆಮ್ಮೆಯಿಂದ ತೋರಿಸಿದ. ಪಕ್ಕದಲ್ಲೇ ಗುಹೆಮನೆಯ ವಸ್ತುಸಂಗ್ರಹಾಲಯ: ಒಂದು ಮಂಚ, ತೊಟ್ಟಿಲು, ಗೊಂಬೆ ಹೇಸರಗತ್ತೆ. ಅದರ ಪಕ್ಕ ಹೆಂಡತಿಯನ್ನು ನಿಲ್ಲಿಸಿ ಫೋಟೋ ತೆಗೆದೆ. ಹೊಸ ಬಡಾವಣೆಯ ಬಸ್ಸಿನ ಸಮಯ ನಮಗೆ ಹೊಂದಲಿಲ್ಲ. ಪಟ್ಟಿಯ ಕೊನೆಯ ಸಾಲಿಗೆ ಅಡ್ಡಗೆರೆ ಎಳೆದೆ.

ಬರಿಗೈಯಲ್ಲಿ ಹೋಗುವುದು ಹೇಗೆ? ನಮ್ಮ ದೇವರ ಮನೆಯಲ್ಲಿ ಕಾವೇರಿ ನೀರಿನ ಗಿಂಡಿ ಇದೆ. ಊರಿನ ಮಣ್ಣು ಡಬ್ಬಿಯಲ್ಲಿದೆ. ಹಾಗೆಯೇ ಗುಹೆಯ ಗೋಡೆಯಿಂದ ಉದುರಿ ಬಿದ್ದಿದ್ದ ಮುಷ್ಟಿಗಾತ್ರದ ಕಲ್ಲೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದೆ. "ಹಾಗೇ ಕೊಡ್ಬೇಡಿ, ತಟ್ಟೇಲಿಟ್ಟು ಕೊಡಿ" ಎಂದಳು ಹೆಂಡತಿ. ತಟ್ಟೆಯಲ್ಲಿಟ್ಟು, ಅವರ ಗ್ಯಾರೇಜಿನ ಮುಂದೆ ಎರಡೂ ಕೈ ಚಾಚಿ ಕೊಟ್ಟೆ.

"ನಿಮ್ಮ ಗುಹೆಗಳದ್ದು. ನಿಮ್ಮ ಹುಟ್ಟೂರಿನ ಕಲ್ಲು. ನಾವು ಅಲ್ಲೇ ಉಳ್ಕೊಂಡಿದ್ವಿ, ತುಂಬ ಚೆನ್ನಾಗಿತ್ತು."

ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಮೂಸಿದರು. ಸತ್ತ ಇಲಿಯನ್ನು ಹಿಡಿದ ಹಾಗೆ ದೂರ ಹಿಡಿದುಕೊಂಡು ಹೋಗಿ ಕಸದ ತೊಟ್ಟಿಗೆ ಹಾಕಿದರು. ಪೈಪಿನ ನೀರು ಬಿಟ್ಟು ಕೈ ತೊಳೆದರು. ಬ್ಲೀಚು ಸುರಿದುಕೊಂಡು ಮತ್ತೆ ತೊಳೆದರು.

"ಚೆನ್ನಾಗಿತ್ತಾ? ನಾವು ಹತ್ತು ಜನ. ಒಂದು ಹೇಸರಗತ್ತೆ. ಮಂಚದ ಕೆಳಗೆ ಕೋಳಿ. ಲದ್ದಿ ನಡುವೆ ಊಟ. ಗೋಡೆ ಬೆವರೋದು. ಆ ಗೋಡೆ ಪಕ್ಕಾನೇ ನನ್ನ ತಂಗಿ ಸತ್ತಿದ್ದು. ಸ್ಕೀಫೋ! ನೀವು ಅಲ್ಲಿ ಸ್ನಾನ ಮಾಡಿದ್ರಾ?"

ನಾನು ಖಾಲಿ ತಟ್ಟೆಯನ್ನು ಕಂಕುಳಿಗೆ ಸೇರಿಸಿದೆ.

"ನನ್ನ ನಲ್ಲಿ?"

"ಬಸ್ಸು ಹೊಂದಲಿಲ್ಲ."

ಗ್ಯಾರೇಜಿನ ಬಾಗಿಲು ಇಳಿಯಿತು. ಮರುದಿನದಿಂದ ಆರು ಗಂಟೆಯ ನೀರು ನಮ್ಮ ಗಡಿಗೆ ಬಂದು ನಿಲ್ಲತೊಡಗಿತು. "ಸ್ಕೇಲಿಟ್ಟು ಗೆರೆ ಎಳೆದ ಹಾಗಿದೆ" ಎಂದಳು ಹೆಂಡತಿ. "ಅವರು ಕೇಳಿದ್ದು ಒಂದೇ ಒಂದು. ನಿಮ್ಮ ಟೈಮ್‌ಟೇಬಲ್ಲಿಗೆ ಅದೊಂದು ಭಾರ ಆಯ್ತಾ?" ಗೋಡೆಯ ಮೇಲಿದ್ದ ಗೊಂಬೆ ಹೇಸರಗತ್ತೆಯ ಫೋಟೋ ತೆಗೆದು ಹರಿದೆ. ಆ ಟಬ್ಬಿನ ಬೆಚ್ಚನೆ ನೀರಿನಲ್ಲಿ ಕಣ್ಣುಮುಚ್ಚಿ ಮಲಗಿದ್ದು ನೆನಪಾದಾಗಲೆಲ್ಲ ಎದ್ದು ಹೋಗಿ ಕೈ ತೊಳೆಯುತ್ತಿದ್ದೆ. ಮೂವತ್ತು ವರ್ಷ ಆ ಕೈ ಕುಲುಕಿದ್ದೆ. ಅದು ಯಾಕೆ ಸುಲಿದಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮರುವರ್ಷ ವಸಂತದಲ್ಲಿ ಒಬ್ಬನೇ ಹೋದೆ. ಪಟ್ಟಿಯಲ್ಲಿ ಒಂದೇ ಸಾಲು. ಬಣ್ಣ ಮಾಸಿದ, ಯಾವ ಪ್ರವಾಸಿಯೂ ತಿರುಗಿ ನೋಡದ ಕಟ್ಟಡ. ಮೂರನೇ ಮಹಡಿಯ ಮುದುಕಿ ನನ್ನ ಕೈಸನ್ನೆ ನೋಡಿ ನಕ್ಕು ಒಳಗೆ ಬಿಟ್ಟರು. ನಲ್ಲಿ ಹೊಸದು, ಕಿಟಕಿ ಅದೇ.

ನಾನು ಫೋಟೋ ಹಿಡಿದು ಪಕ್ಕದ ಮನೆಗೆ ಹೋದಾಗ ಅವರು ಹಾಸಿಗೆ ಹಿಡಿದಿದ್ದರು. ಕನ್ನಡಕ ಹಾಕಿಸಿಕೊಂಡು ಬಹಳ ಹೊತ್ತು ನೋಡಿದರು.

"ಗಾಜು ಒರೆಸಿಲ್ಲ. ಕೊಳಕು" ಎಂದರು. ಆಮೇಲೆ, "ಒಂಬತ್ತು ವರ್ಷ ನನಗೆ. ಸರ್ಕಾರ ಗುಹೆಯಿಂದ ಎಬ್ಬಿಸಿ ಈ ಮನೆ ಕೊಡ್ತು. ನಲ್ಲಿ ತಿರುಗಿಸ್ದೆ. ನಿಲ್ಸೋ ಅಂತ ಅಮ್ಮ ಕೂಗಿದ್ರೂ ನಿಲ್ಲಿಸ್ಲಿಲ್ಲ."

ನನ್ನ ಕೈ ಹಿಡಿದುಕೊಂಡರು. ಮೊದಲ ಸಲ ಆ ಕೈಯಲ್ಲಿ ಬ್ಲೀಚಿನ ವಾಸನೆ ಇರಲಿಲ್ಲ.

ಎರಡು ವಾರಕ್ಕೆ ತೀರಿಕೊಂಡರು. ಅಂತಿಮದರ್ಶನದ ಕೋಣೆಯಲ್ಲಿ, ಮದುವೆಯ ಫೋಟೋ ಪಕ್ಕದಲ್ಲೇ ಮಗಳು ಆ ನಲ್ಲಿಯ ಫೋಟೋಕ್ಕೂ ಚೌಕಟ್ಟು ಹಾಕಿಸಿ ಇಟ್ಟಿದ್ದಳು. ಅವಳ ಪರಿಚಯದವರೊಬ್ಬರು ಅದನ್ನು ದಾಟಿ ನನ್ನ ಹತ್ತಿರ ಬಂದು, "ಮಟೇರಾದವರಂತೆ? ನಾವೂ ಹೋಗಿದ್ವಿ. ಗುಹೆಯೊಳಗೇ ಬಾತ್‌ಟಬ್ಬು, ಮೇಣದಬತ್ತಿ. ಎಷ್ಟು ರೊಮ್ಯಾಂಟಿಕ್ ಗೊತ್ತಾ?" ಎಂದರು.

"ಸ್ಕೀಫೋ" ಎಂದೆ. ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ. ಶವಪೆಟ್ಟಿಗೆಯ ಬಳಿ ನಿಂತಿದ್ದ ಮಗಳು ತಟ್ಟನೆ ತಿರುಗಿ ನೋಡಿದಳು.