ಮೆಣಸಿನಕಾಯಿ ಅಂಗಡಿಯಲ್ಲಿ ಇಂಗ್ಲಿಷ್ ಕ್ರಿಯಾಪದ

ಗೆಳೆಯರೇ, ಇವತ್ತು ಮಂಡಿಪೇಟೆಯ ಮೆಣಸಿನಕಾಯಿ ಅಂಗಡಿಯಲ್ಲಿ ಇಂಗ್ಲಿಷ್ ವ್ಯಾಕರಣಕ್ಕೆ ಸಿಕ್ಕಿಬಿದ್ದೆ. ಅಂಗಡಿಯ ಚನ್ನಬಸಪ್ಪನವರ ಮಗಳು ಪಲ್ಲವಿಗೆ ನಾಳೆ ಪರೀಕ್ಷೆ. ಕ್ರಿಯಾಪದಗಳನ್ನು ಫೈನೈಟ್, ನಾನ್-ಫೈನೈಟ್ ಎಂದು ಬೇರ್ಪಡಿಸಬೇಕು. ಫೇಲಾದರೆ ಕಾಲೇಜಿನ ಪ್ರವಾಸಕ್ಕೆ ಕಳಿಸುವುದಿಲ್ಲವೆಂದು ಅವಳ ತಾಯಿಯ ಆಜ್ಞೆ.

"ಕರ್ತೃ, ಕಾಲಕ್ಕೆ ತಕ್ಕಂತೆ ಬದಲಾಗುವುದು ಫೈನೈಟ್. ಬದಲಾಗದ್ದು ನಾನ್-ಫೈನೈಟ್" ಎಂದೆ.

ಚನ್ನಬಸಪ್ಪನವರಿಗೆ ಹುರುಪು ಬಂತು. "ಅಂದ್ರ ಗ್ರೇಡಿಂಗ್ ಅಲ್ಲೇನ್ರಿ! ಚಲೋ ಕಾಯಿ, ಕೆಟ್ಟ ಕಾಯಿ ಬ್ಯಾರೆ ಮಾಡೋದು ನಮ್ ದಿನದ ಕೆಲಸ!" ಅಭ್ಯಾಸದ ಹಾಳೆಯನ್ನು ಚೀಟಿಗಳಾಗಿ ಕತ್ತರಿಸಿ, ಮಗಳ ಮುಂದೆ ಎರಡು ಮೊರ ಇಟ್ಟರು.

ಕೊನೆಗೆ ಆರು ಚೀಟಿ ಉಳಿದವು. "ಅಪ್ಪಾಜಿ, ಇವು ಯಾವ ಕಡೆ ಅಂತ ಗೊತ್ತಾಗ್ತಿಲ್ಲ."

"ಹೆದರಬ್ಯಾಡವ್ವ. ಅನುಮಾನದ ಮಾಲು ಚೀಲದ ನಡುವೆ ಹಾಕ್ಬೇಕು. ನೀನೂ ಪೇಪರ್‌ನಾಗ ಮ್ಯಾಲೆ ನಾಕು, ಕೆಳಗೆ ನಾಕು ಚಲೋವು ಬರಿ. ಯಾರ್ ನೋಡ್ತಾರ?"

"ನಮ್ ಮೇಡಂ ಪೂರ್ತಿ ಸುರುವಿ ನೋಡ್ತಾರ!"

"ಹಂಗಾದ್ರ ಆಯಮ್ಮಂಗೆ ನಮ್ಮ ಅಂಗಡಿ ವಿಳಾಸ ಹೇಳಬ್ಯಾಡ."

ಆ ಆರನ್ನು ನಾನೇ ಕೂತು ಹೇಳಿಕೊಟ್ಟೆ. ಪಲ್ಲವಿಯ ಮುಖ ಅರಳಿತು. ಅವಳ ತಂದೆ ಖುಷಿಯಿಂದ ಒಂದು ಕೆಜಿ ಮೆಣಸಿನಕಾಯಿ ಕಟ್ಟಿಕೊಟ್ಟರು. ಮನೆಗೆ ಬಂದು ಪೂರ್ತಿ ಸುರಿದೆ. ನಡುವೆ ಇದ್ದವನ್ನು ನೋಡಿದ ಮೇಲೆ, ಪರಿಚಯವೇ ಇಲ್ಲದ ಆ ಮೇಡಂ ಮೇಲೆ ನನಗೆ ಅಪಾರ ಗೌರವ ಮೂಡಿದೆ.