ಮೈಮುನಾಬಿಯ ಚಿಪ್ಪಿನ ಪಾಠ

ಹಿಡಕಲ್ ಜಲಾಶಯದ ಬಳಿ ಮೀನು ಮಾರುವ ಮೈಮುನಾಬಿ ಸಮುದ್ರವನ್ನೇ ನೋಡಿದವಳಲ್ಲ. ಆದರೂ ಕಾರವಾರದಲ್ಲಿ ಕಡಲಜೀವಿಗಳ ಬಗ್ಗೆ ಓದುತ್ತಿರುವ ಮಗಳು ರಿಹಾನಾಳ ಪಾಠವನ್ನು ಈ ತಾಯಿಯ ಬಾಯಲ್ಲಿ ಕೇಳದೆ ಯಾರೂ ಮೀನು ಒಯ್ಯುವಂತಿಲ್ಲ. "ಸಮುದ್ರದ ಚಿಪ್ಪಿನ ಮರಿ ಸಾಸಿವಿಕಿಂತ ಸಣ್ಣದರಿ! ನೀರಾಗ ತೇಲಿಬರೋ ವಾಸನಿ ಹಿಡದು ಕೂಡೋ ಜಾಗಾ ಹುಡಕತೈತಿ. ಕಲ್ಲಿಗೆ ಒಮ್ಮೆ ಅಂಟಿತಂದ್ರ ಸಾಯೋತನಾ ಅಲ್ಲೇ!" ಎನ್ನುತ್ತಾ ಎದೆಯುಬ್ಬಿಸಿ ಮೀನು ಹೆರೆಯುತ್ತಾಳೆ. ಅವಸರ ಮಾಡಿದವರಿಗೆ ಬರೀ ಸಣ್ಣ ಮೀನು. ನಿನ್ನೆ ನಾದಿನಿ ಸಾಯಿರಾ ರಿಹಾನಾಳಿಗೆ ಹುಕ್ಕೇರಿಯ ಗಂಡಿನ ಸಂಬಂಧ ತಂದು, "ಭಾಬಿ, ಹುಡುಗಿನ್ನ ಕೇಳೋದೇನೈತಿ? ಹೂಂ ಅಂದಬಿಡ್ರಿ" ಎಂದಳು. ಮೈಮುನಾಬಿಯ ಕೈಯಲ್ಲಿನ ಚೂರಿ ನಿಂತಿತು. "ಚಿಪ್ಪಿನ ಮರಿ ಸುದ್ದಾ ಮುಟ್ಟಿ ನೋಡತೈತಿ, ಜಾಗಾ ಮನಸಿಗೆ ಸೇರಲಿಲ್ಲಂದ್ರ ಮುಂದ ಹೋಗತೈತಿ. ತವರೂರು ಕಣಗಲಾದಿಂದ ನನ್ನ ತಂದು ಇಲ್ಲಿ ಅಂಟಿಸುವಾಗ ಯಾರೂ ಕೇಳಲಿಲ್ಲ. ನನ್ನ ಮಗಳ್ನ ನಾ ಕೇಳ್ತೇನಿ."